ಎಡಗಡೆಯ ಹಿಂದಿನ ಗಾಲಿ

ತಪಾಸಣೆಯವ ಕೊಟ್ಟ ಚೀಟಿಯಲ್ಲಿ
ಒಂದೇ ಸಾಲಿಗೆ ಕೆಂಪು ಗೀಟು:
ಹಿಂದಿನ ಅಚ್ಚು, ಎಡಕ್ಕೂ ಬಲಕ್ಕೂ
ಮೂವತ್ತನಾಲ್ಕು ಪರ್ಸೆಂಟು ಭೇದ.
ಸರಿಪಡಿಸಿಕೊಂಡು ಬರಲು ಒಂದು ತಿಂಗಳ ವಾಯಿದೆ.

ಲಿಯೆಪಾಯದಲ್ಲಿ ಮೆಕ್ಯಾನಿಕ್ಕುಗಳಿಗೇನು ಬರವಿಲ್ಲ.
ಆದರೂ ಶನಿವಾರ ಬೆಳಿಗ್ಗೆ
ರೈಲುಹಳಿಯಾಚೆ, ಗ್ಯಾರೇಜು ಸಾಲಿನ ತುದಿಯಲ್ಲಿ,
ನೂರಾ ಹದಿನೇಳನೆಯ ಬಾಗಿಲ ಮುಂದೆ ಹಾರ್ನ್ ಹೊಡೆದೆ.

ವಿಸ್ವಾಲ್ಡಿಸ್ ಹೊರಬಂದ. ನನಗಿಂತ ಮೊದಲು ಗಾಲಿಯನ್ನು ನೋಡಿದ.
ಇಸ್ತ್ರಿಪೆಟ್ಟಿಗೆ ಕಾದಿದೆಯೇ ಎಂದು ನೋಡುವವರ ಹಾಗೆ
ಉಗುಳು ಹಚ್ಚಿದ ಬೆರಳು ತಾಗಿಸಿದ. ಚುಂಯ್.
"ಬಿಸಿ" ಅಂದ.
ಎರಡು ವರ್ಷದ ಮೇಲೆ ನಮ್ಮಿಬ್ಬರ ಮೊದಲ ಮಾತು.

ಅವನು ನನ್ನ ಅಪ್ಪನಲ್ಲ.
ಒಂಬತ್ತು ವರ್ಷ ಅಮ್ಮನ ಗಂಡನಾಗಿದ್ದ.
ಅಮ್ಮ ಅಣಬೆ ಕೀಳಲೆಂದು ಐರ್ಲೆಂಡಿಗೆ ಹೋದಳು,
ಆರೇ ತಿಂಗಳೆಂದು. ಅಲ್ಲೇ ಇನ್ನೊಬ್ಬನ ಜೊತೆ ಉಳಿದಳು.
ಈಗ ಅವನು ನನಗೆ ಏನಾಗಬೇಕು?
ಯಾವ ಅರ್ಜಿಯಲ್ಲೂ ಆ ಪ್ರಶ್ನೆಗೆ ಜಾಗವಿಲ್ಲ.

ಜಾಕು. ಅದರ ಪಕ್ಕಕ್ಕೆ ಮರದ ದಿಮ್ಮಿ:
ಜಾಕನ್ನು ನಂಬಬಾರದೆಂದು
ನನಗೆ ಹದಿಮೂರಾಗಿದ್ದಾಗಲೇ ಕಲಿಸಿದ್ದ.
ಹದಿನೇಳು ಚಳಿಗಾಲ ರಸ್ತೆಗೆ ಸುರಿದ ಉಪ್ಪು
ಹಳೇ ಓಪೆಲ್ಲಿನ ನಟ್ಟನ್ನೂ ಪೈಪನ್ನೂ ಒಂದು ಮಾಡಿಬಿಟ್ಟಿತ್ತು.
ಉಕ್ಕಿನ ಬ್ರಶ್ಶು, ಎಣ್ಣೆ, ಕಾಯುವುದು. ಮತ್ತೆ ಎಣ್ಣೆ.
ಪಕ್ಕದ ಗ್ಯಾರೇಜಿನ ಗೆನ್ನಾದಿಯಿಂದ ಕಡ ತಂದ ಸ್ಪ್ಯಾನರು
ಅರೆ ಸುತ್ತು ತಿರುಗಿ, ಜಾರಿ, ಬೆರಳಗೆಣ್ಣು ತರಚಿತು.
ವಿಸ್ವಾಲ್ಡಿಸ್ ರಷ್ಯನ್ನಿನಲ್ಲಿ ಬೈದ.
ನಮ್ಮ ಭಾಷೆಯ ಬೈಗುಳಕ್ಕೆ ಅಷ್ಟು ಖಾರ ಸಾಲದು.
ಹತ್ತೂವರೆಗೆ, ಕಿರ್ರೆಂದು, ನಟ್ಟು ಒಪ್ಪಿಕೊಂಡಿತು.

ಹೋಸಿನ ಹೊರಮೈಯಲ್ಲಿ ಒಂದು ಬಿರುಕೂ ಇಲ್ಲ.
ಚಾಕುವಿನಿಂದ ಉದ್ದಕ್ಕೆ ಸೀಳಿ ತೋರಿಸಿದ.
ಒಳಗೆ ರಬ್ಬರು ಬಾತು, ಬಾವು ಬಂದ ಗಂಟಲು;
ಸೂಜಿ ತೂರುವಷ್ಟೇ ದಾರಿ.
"ಕಾಲಿನ ಬಲಕ್ಕೆ ಎಣ್ಣೆ ಒಳಕ್ಕೇನೋ ಹೋಗುತ್ತೆ.
ವಾಪಸು ಬಾ ಅಂತ ನೂಕೋರು ಯಾರೂ ಇಲ್ಲ."
ಹೋಸಿನ ಬಗ್ಗೆಯೇ ಹೇಳಿದ್ದು.
ಒಂದು ಹೇಳಿ ಇನ್ನೊಂದು ಸೂಚಿಸುವ ಮನುಷ್ಯನಲ್ಲ.

ಹೊಸದು, ಜೋಡಿಗೆ ಇಪ್ಪತ್ತೆಂಟು ಯೂರೋ.
ಜೊತೆಗೆ ತಾಮ್ರದ ವಾಷರುಗಳು. ಹಳೆಯವನ್ನು ಮತ್ತೆ ಹಾಕಬಾರದು,
ಒಮ್ಮೆ ಅಮುಕಿಸಿಕೊಂಡದ್ದು ಸೋರದ ಹಾಗೆ ಕೂರುವುದಿಲ್ಲ.

ಆಮೇಲಿನ ಕೆಲಸಕ್ಕೆ ಇಬ್ಬರು ಬೇಕು.
ನಾನು ಸೀಟಿನಲ್ಲಿ. ಅವನು ಕೆಳಗೆ, ರಟ್ಟಿನ ಮೇಲೆ ಮಲಗಿ.
ಸೌತೆಯ ಉಪ್ಪಿನಕಾಯಿ ಮುಗಿದ ಜಾಡಿಯೊಳಕ್ಕೆ
ಗಾಳಿ ತೆಗೆಯುವ ನಳಿಕೆ.

"ಒತ್ತು."
ಒತ್ತಿದೆ.
"ಹಿಡಿ."
ಹಿಡಿದೆ. ಅವನು ತಿರುಪು ಸಡಿಲಿಸಿದ.
ಪೆಡಲು ಪಾದದಡಿ ಮೆಲ್ಲಗೆ ಕುಸಿಯಿತು,
ಯಾರೋ ನಿದ್ದೆಗೆ ಜಾರಿದ ಹಾಗೆ.
ತಿರುಪು ಬಿಗಿದು,
"ಬಿಡು."

ಒತ್ತು, ಹಿಡಿ, ಬಿಡು. ಒತ್ತು, ಹಿಡಿ, ಬಿಡು.
ಹನ್ನೊಂದನೆಯ ಸುತ್ತಿಗೆ, ಕಾಲು ಒತ್ತಿಹಿಡಿದೇ, ಕೇಳಿದೆ:
"ಅಮ್ಮ ಫೋನು ಮಾಡ್ತಾಳಾ?"
ಸಮುದ್ರದ ಗಾಳಿ ತಗಡಿನ ಬಾಗಿಲನ್ನು ಎರಡು ಸಲ ಬಡಿಯಿತು.
ಕಾರಿನಡಿಯಿಂದ:
"ಬಿಡು."

ಕಾಲೆತ್ತಿದೆ.
ಪೆಡಲಿಗೆ ಹೇಳಿದ್ದಲ್ಲ ಅದು. ತಿರುಪು ಇನ್ನೂ ತೆರೆದೇ ಇತ್ತು.
ನಳಿಕೆಯಲ್ಲಿ ಎಣ್ಣೆ ಸರ್ರನೆ ಹಿಂದಕ್ಕೆ ಸರಿದು
ಗಾಳಿಯೆಲ್ಲ ಮತ್ತೆ ಒಳಗೆ.

ಅವನು ಬಯ್ಯಲಿಲ್ಲ. ಜಾಡಿ ನೆಟ್ಟಗೆ ನಿಲ್ಲಿಸಿದ ಸದ್ದು.
"ಕ್ರಿಸ್‌ಮಸ್ಸಿಗೆ ಒಂದು ಡಬ್ಬಿ ಟೀ ಕಳಿಸಿದ್ದಳು" ಅಂದ.
ಸ್ವಲ್ಪ ತಡೆದು,
"ಇನ್ನೂ ತೆಗೆದಿಲ್ಲ."
ಆಮೇಲೆ, "ಒತ್ತು."

ಗುಳ್ಳೆಗಳು ಬಟಾಣಿಯಷ್ಟಿದ್ದವು ಸಾಸಿವೆಯಷ್ಟಾದವು,
ಆಮೇಲೆ ಇಲ್ಲವಾದವು. ಪೆಡಲು ಗಟ್ಟಿಯಾಯಿತು.
ಕಾಲುವೆಯವರೆಗೆ ಹೋಗಿ ಬಂದೆವು,
ಖಾಲಿ ರಸ್ತೆಯಲ್ಲಿ ನಾಲ್ಕು ಸಲ ಬ್ರೇಕು ಹಿಡಿದೆ,
ನಾಲ್ಕು ಸಲವೂ ಅವನು ಕಣ್ಣು ಮುಚ್ಚಿ ಕೇಳಿಸಿಕೊಂಡ.

ಇಳಿದವನೇ ಗಾಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತ.
ಈ ಸಲ ಉಗುಳಿಲ್ಲ, ಬೆರಳಿಲ್ಲ,
ಇಡೀ ಅಂಗೈ ಊರಿದ.
ಬೇಕಾದದ್ದಕ್ಕಿಂತ ಹೆಚ್ಚು ಹೊತ್ತೇ ಇಟ್ಟುಕೊಂಡ.

ಜೋಡಿಯ ಇನ್ನೊಂದು ಹೋಸು ರಟ್ಟಿನ ಡಬ್ಬಿಯಲ್ಲೇ ಇತ್ತು.
ಅದನ್ನು ಎತ್ತಿ ಮೇಲಿನ ಹಲಗೆಗೆ ಇಟ್ಟು
"ಬಲಗಡೆಯದು ಮುಂದಿನ ಶನಿವಾರ" ಅಂದ.

ಗಂಟೆ ಇನ್ನೂ ಒಂದಾಗಿರಲಿಲ್ಲ.
ಹೂಂ ಅಂದೆ.